ಗೆದ್ದರೆ ದೇವಿಯ ಕೃಪೆ, ಸೋತರೆ ಹುಡುಗಿಯ ತಪ್ಪು

ಕಳೆದ ಮಹಾವೀರ ಜಯಂತಿಯ ದಿನ ಪುಣೆಯ ಹೊರವಲಯದ ಒಂದು ಬಾಡಿಗೆ ಸಭಾಗೃಹದಲ್ಲಿ ನಮ್ಮ ಕಡೆಯ ಸುಮಾರು ನೂರೈವತ್ತು ಮಂದಿ ಸೇರಿದ್ದೆವು. ಚಿಕ್ಕೋಡಿ, ಅಥಣಿ, ರಾಯಬಾಗ, ಹುಕ್ಕೇರಿಗಳಿಂದ ಒಂದೆರಡು ತಲೆಮಾರುಗಳ ಹಿಂದೆ ಹೊಟ್ಟೆಪಾಡಿಗಾಗಿ ಬಂದು ಇಲ್ಲಿಯೇ ನೆಲೆನಿಂತ ಮನೆತನಗಳು. ಬೆಳಿಗ್ಗೆ ಅಭಿಷೇಕ, ಪೂಜೆ, ಮಧ್ಯಾಹ್ನ ಪ್ರವಚನ, ಅನಂತರ ಪ್ರತಿಭಾವಂತ ವಿದ್ಯಾರ್ಥಿಗಳ ಸನ್ಮಾನ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕಾದ್ದರಿಂದ ನಮ್ಮ ಸಭೆಗಳೆಲ್ಲ ತುಸು ಅವಸರದಲ್ಲಿಯೇ ಸಾಗುತ್ತವೆ. ಭಾಷಣಕಾರರನ್ನು ತಡೆಯಬಲ್ಲ ಏಕೈಕ ಶಕ್ತಿ ಆ ಸೂರ್ಯನೇ ಎಂದು ನಾವು ತಮಾಷೆ ಮಾಡುವುದುಂಟು.

ಆ ದಿನ ಸನ್ಮಾನಕ್ಕೆ ಪಾತ್ರರಾದವರಲ್ಲಿ ಒಬ್ಬ ಹುಡುಗಿ ಚಾರ್ಟರ್ಡ್ ಅಕೌಂಟೆಂಟ್ ಪದವಿಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ತಂದೆ ಭೋಸರಿಯ ಒಂದು ಸಣ್ಣ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ತಾಯಿ ಮನೆಯಲ್ಲಿಯೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವವರು. ಸಮಾಜದ ಹಿರಿಯರೊಬ್ಬರು ಹುಡುಗಿಗೆ ಶಾಲು ಹೊದಿಸಿ ಹೇಳಿದರು: "ಇದು ಪದ್ಮಾವತಿ ಅಮ್ಮನವರ ಕೃಪೆ. ಅಮ್ಮನವರು ಕೊಟ್ಟರು, ಮಗು ಪಡೆಯಿತು." ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಚಪ್ಪಾಳೆ ಮುಗಿಯುವಷ್ಟರಲ್ಲಿ ಸಭಾಗೃಹದ ಹಿಂಬದಿಯ ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಕಾದ ಎಣ್ಣೆಯ ಕಡಾಯಿಯ ಮುಂದೆ ನಿಂತು ಪೂರಿ ಕರಿಯುತ್ತಿದ್ದ ನಾಲ್ವರು ಹೆಂಗಸರಲ್ಲಿ ಒಬ್ಬರು ಆ ಹುಡುಗಿಯ ತಾಯಿ. ಮಗಳ ಹೆಸರು ಕೂಗಿದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ ತಿಳಿಯದು.

ಇದನ್ನು ಇಲ್ಲಿಗೆ ಬಿಡಬಹುದಾಗಿತ್ತು. ವಾಡಿಕೆಯ ಮಾತು, ವಾಡಿಕೆಯ ಶಾಲು. ಬಿಡಲಾಗದಿರುವುದಕ್ಕೆ ಕಾರಣ ಅದರ ಹಿಂದಿನ ಒಂದು ಕಥೆ.

ಈ ಹುಡುಗಿ ಗೆದ್ದದ್ದು ನಾಲ್ಕನೆಯ ಯತ್ನದಲ್ಲಿ. ಆ ಪರೀಕ್ಷೆಯ ಲೆಕ್ಕಾಚಾರ ಬಲ್ಲವರಿಗೆ ಗೊತ್ತು: ಪ್ರತಿಯೊಂದು ವಿಷಯದಲ್ಲಿ ಕನಿಷ್ಠ 40 ಅಂಕ ಬರಬೇಕು, ಗುಂಪಿನ ಒಟ್ಟು ಮೊತ್ತ ಪ್ರತಿಶತ 50 ಆಗಬೇಕು. ಎರಡನೆಯ ಯತ್ನದಲ್ಲಿ ಒಟ್ಟು ಸಾಕಷ್ಟಿದ್ದೂ ಒಂದು ವಿಷಯದಲ್ಲಿ 38 ಬಂದು ಆಕೆ ನಿಂತುಹೋದಳು. ಆ ವರ್ಷದ ಸಮಾರಂಭದಲ್ಲಿ ಇದೇ ಹಿರಿಯರು ಆಕೆಯ ತಂದೆಯನ್ನು ಪಕ್ಕಕ್ಕೆ ಕರೆದು, ಮನೆತನದ ಯಾವುದೋ ಹರಕೆ ಬಾಕಿ ಉಳಿದಿರಬೇಕು, ಮಗಳ ನಡತೆಯಲ್ಲಿ ಏನಾದರೂ ಲೋಪವಾಗಿದೆಯೇ ನೋಡಿರಿ, ನಿಯಮಗಳನ್ನು ಸರಿಯಾಗಿ ಪಾಲಿಸುತ್ತಾಳೆಯೇ ವಿಚಾರಿಸಿರಿ ಎಂದಿದ್ದರು. ಆ ಮನೆಯವರು ಹೆದರಿದರು. ಊರಿಗೆ ಹೋದರು, ಕ್ಷೇತ್ರದರ್ಶನ ಮಾಡಿದರು, ಆರಾಧನೆ ಮಾಡಿಸಿದರು, ದೇವಿಗೆ ಸೀರೆ ಉಡಿಸಿ ಉಡಿ ತುಂಬಿದರು. ಪ್ರಯಾಣವೂ ಸೇರಿ ಹದಿನೆಂಟು ಸಾವಿರ ರೂಪಾಯಿ ಖರ್ಚಾಯಿತು. ಮಾದರಿ ಪರೀಕ್ಷೆಗಳನ್ನು ಬರೆಯಿಸಿ, ಉತ್ತರಪತ್ರಿಕೆ ತಿದ್ದಿ ಕೊಡುವ ತರಗತಿಗೆ ಹಣ ಕಟ್ಟಲು ಆಕೆ ಕೇಳಿದ್ದು ಅದೇ ತಿಂಗಳು. ಆ ಹಣ ಹುಟ್ಟಲಿಲ್ಲ. ಮೂರನೆಯ ಯತ್ನವೂ ಹೋಯಿತು.

ಆಕೆಗೆ ವಿಷಯ ತಿಳಿಯದೆ ಇರಲಿಲ್ಲ. ಮೂರು ಗಂಟೆಯಲ್ಲಿ ಉತ್ತರ ಬರೆದು ಮುಗಿಸುವ ಅಭ್ಯಾಸವಿರಲಿಲ್ಲ. ಆರ್ಟಿಕಲ್‌ಶಿಪ್ಪಿನ ಕಾಲದಲ್ಲಿ ರಾತ್ರಿ ಎಂಟಕ್ಕೆ ಕಚೇರಿ ಬಿಟ್ಟು, ಎರಡು ಬಸ್ಸು ಬದಲಿಸಿ ಮನೆ ಸೇರುವವಳಿಗೆ ಓದಲು ಸಮಯ ಸಿಕ್ಕುತ್ತಿತ್ತು, ಬರೆಯಲು ಸಿಕ್ಕುತ್ತಿರಲಿಲ್ಲ. ನಾಲ್ಕನೆಯ ಸಲ ಆದದ್ದು ಇಷ್ಟು: ಕಚೇರಿಯ ಹಿರಿಯ ಲೆಕ್ಕಪರಿಶೋಧಕರೊಬ್ಬರು ಎರಡು ತಿಂಗಳ ರಜೆ ಕೊಡಿಸಿದರು ಮತ್ತು ಭಾನುವಾರಗಳಂದು ತಾವೇ ಕುಳಿತು ಆಕೆಯ ಉತ್ತರಗಳನ್ನು ತಿದ್ದಿದರು. ಮೇಲಿನ ಮಹಡಿಯ ಮಲಯಾಳಿ ದಂಪತಿ ಗಲ್ಫಿನಲ್ಲಿರುವ ಮಗನ ಮನೆಗೆ ಹೋಗುವಾಗ ತಮ್ಮ ಮನೆಯ ಬೀಗದ ಕೈ ಆಕೆಗೆ ಕೊಟ್ಟು, ಇಲ್ಲಿ ಕೂತು ಓದಿಕೋ ಎಂದರು. ತಾಯಿ ಬೆಳಗಿನ ನಾಲ್ಕು ಗಂಟೆಗೇ ಒಲೆ ಹೊತ್ತಿಸಿ ದಿನಕ್ಕೆ ನೂರು ರೊಟ್ಟಿ ಹೆಚ್ಚಾಗಿ ತಟ್ಟಿ ಆ ತರಗತಿಯ ಹಣ ಕಟ್ಟಿದರು. ಮತ್ತು ಆ ಹುಡುಗಿ ಬರೆದಳು, ಬರೆದಳು, ಬೆರಳು ಊದುವವರೆಗೆ ಬರೆದಳು.

ಈಗ ಲೆಕ್ಕ ನೋಡೋಣ. ಸೋತಾಗ ಕಾರಣ ಹುಡುಗಿಯ ನಡತೆ. ಗೆದ್ದಾಗ ಕಾರಣ ದೇವಿಯ ಕೃಪೆ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಖಾತೆ ಬರೆದವನು ನಾನು. ಜಮೆಯೆಲ್ಲ ಒಬ್ಬರ ಹೆಸರಿಗೆ, ಖರ್ಚೆಲ್ಲ ಇನ್ನೊಬ್ಬರ ಹೆಸರಿಗೆ ಬರೆದ ಪುಸ್ತಕವನ್ನು ಯಾವ ಪರಿಶೋಧಕನೂ ಒಪ್ಪಲಾರ. ಚಾರ್ಟರ್ಡ್ ಅಕೌಂಟೆಂಟಳಾದ ಆ ಹುಡುಗಿಯನ್ನೇ ವೇದಿಕೆಯ ಮೇಲೆ ನಿಲ್ಲಿಸಿ ನಾವು ಇಂಥ ಪುಸ್ತಕ ಬರೆದೆವು.

ಬೇರೆ ಧರ್ಮದವರ ಸಭೆಯಲ್ಲಿ ಈ ಮಾತು ನಡೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಜಗತ್ತನ್ನು ಸೃಷ್ಟಿಸಿ ನಡೆಸುವ ಈಶ್ವರನೊಬ್ಬನಿದ್ದಾನೆ ಎಂದು ನಂಬುವವರು ತಮ್ಮ ಗೆಲುವನ್ನು ಅವನ ಪಾದಕ್ಕೆ ಒಪ್ಪಿಸಿದರೆ ಅದು ಅವರ ನಂಬಿಕೆಗೆ ತಕ್ಕ ನಡೆ. ನಮ್ಮ ಸ್ಥಿತಿ ಹಾಗಿಲ್ಲ. ಕರ್ತೃವಾದ ಈಶ್ವರನನ್ನು ಒಪ್ಪದ ದರ್ಶನ ನಮ್ಮದು. ಜಿನನು ವೀತರಾಗ. ಅವನಿಗೆ ನಮ್ಮ ಮೇಲೆ ಒಲವೂ ಇಲ್ಲ, ಮುನಿಸೂ ಇಲ್ಲ. ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ದಿನವೂ ಬೆಳಿಗ್ಗೆ ನಾವು ಹೇಳುವ ಣಮೋಕಾರ ಮಂತ್ರದಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಇಲ್ಲ, ಒಂದು ಬೇಡಿಕೆಯೂ ಇಲ್ಲ ಎಂಬುದನ್ನು ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಅದೇ ಮಕ್ಕಳ ಫಲಿತಾಂಶ ಬಂದ ದಿನ ಆ ಹೆಮ್ಮೆಯನ್ನು ಮಡಚಿ ಪೆಟ್ಟಿಗೆಯಲ್ಲಿಡುತ್ತೇವೆ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವ ರೀತಿಯೇ ಬೆರಗು ಹುಟ್ಟಿಸುವಂಥದು. ದೇವತೆಗಳು ಬಂದಿಳಿಯುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸಿಸಿಕೊಳ್ಳುವುದು ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ, ಇದರಿಂದ ನೀನು ನಮಗೆ ದೊಡ್ಡವನಲ್ಲ ಎಂದು ಅವರು ಜಿನನನ್ನೇ ಎದುರಿಗೆ ನಿಲ್ಲಿಸಿ ಹೇಳುತ್ತಾರೆ. ಭಕ್ತಿಯ ಗ್ರಂಥವೊಂದು ಪವಾಡವನ್ನು ಮೊದಲ ಮಾತಿನಲ್ಲಿಯೇ ಬದಿಗೆ ಸರಿಸುವುದು ಬೇರೆಲ್ಲಿ ಸಿಕ್ಕೀತೋ ನಾನರಿಯೆ. ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗಲೂ ಅವರ ಮಾತಿನ ಸಾರ ಇದೇ: ನಿನಗೆ ನಮ್ಮ ಪೂಜೆಯಿಂದ ಆಗಬೇಕಾದದ್ದಿಲ್ಲ, ನಿಂದೆಯಿಂದ ಕಳೆಯುವುದೂ ಇಲ್ಲ, ಆದರೂ ನಿನ್ನ ಗುಣಗಳ ನೆನಪು ನಮ್ಮ ಮನಸ್ಸನ್ನು ತೊಳೆಯುತ್ತದೆ. ಪೂಜೆಯ ಲಾಭವೆಲ್ಲ ಪೂಜಿಸುವವನ ಮನಸ್ಸಿನಲ್ಲಿಯೇ ನಡೆಯುವ ಕೆಲಸ.

ಅದೇ ಆಪ್ತಮೀಮಾಂಸೆಯಲ್ಲಿ, ಇಂದು ನಾನು ಎತ್ತಿರುವ ಪ್ರಶ್ನೆಯನ್ನೇ ಅವರು ನೇರವಾಗಿ ಕೈಗೆತ್ತಿಕೊಂಡಿದ್ದಾರೆ. ಕಾರ್ಯ ಸಿದ್ಧಿಸುವುದು ದೈವದಿಂದಲೋ ಪೌರುಷದಿಂದಲೋ? ಎಲ್ಲವೂ ದೈವದಿಂದ ಎಂದರೆ, ಆ ದೈವವಾದರೂ ಹಿಂದಿನ ಪೌರುಷದಿಂದಲೇ ಹುಟ್ಟಿದ್ದಲ್ಲವೆ ಎಂದು ಕೇಳುತ್ತಾರೆ. ಎಲ್ಲವೂ ಪೌರುಷದಿಂದ ಎಂದರೆ, ದುಡಿದವರೆಲ್ಲರೂ ಫಲ ಪಡೆಯಬೇಕಿತ್ತಲ್ಲ ಎಂದು ತಿರುಗಿ ಕೇಳುತ್ತಾರೆ. ಕೊನೆಗೆ ಅವರು ಗೆರೆ ಎಳೆಯುವುದು ಹೀಗೆ: ನಾವು ಯೋಚಿಸದೆ, ಉದ್ದೇಶಿಸದೆ ಇದ್ದಾಗ ಬಂದೊದಗುವ ಒಳಿತು ಕೆಡುಕುಗಳಿಗೆ ನಮ್ಮದೇ ದೈವ ಕಾರಣ, ಬುದ್ಧಿಪೂರ್ವಕವಾಗಿ ತೊಡಗಿದಾಗ ಆಗುವ ಒಳಿತು ಕೆಡುಕುಗಳಿಗೆ ನಮ್ಮದೇ ಪೌರುಷ ಕಾರಣ. ಎರಡೂ ಕಡೆ "ನಮ್ಮದೇ" ಎಂಬುದನ್ನು ಗಮನಿಸಬೇಕು. ದೈವವೆಂಬ ಮಾತಿಗೂ ಅಲ್ಲಿ ಯಾರೋ ಹೊರಗಿನವರ ಕೃಪೆಯೆಂಬ ಅರ್ಥವಿಲ್ಲ.

ಮೂರು ಬಾರಿ ಬಿದ್ದು ನಾಲ್ಕನೆಯ ಬಾರಿ ಎದ್ದ ಹುಡುಗಿಯ ತೇರ್ಗಡೆಯನ್ನು ಇದರಲ್ಲಿ ಯಾವ ಕಡೆಗೆ ಹಾಕಬೇಕು? ಬುದ್ಧಿಪೂರ್ವಕವಾಗಿ ಮಾಡಿದ ಕೆಲಸ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇದ್ದರೆ ಓದುಗರು ನನಗೆ ತಿಳಿಸಬೇಕು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಓದದ, ಶ್ವೇತಾಂಬರ ಪರಂಪರೆಯ ಆಗಮಗಳಲ್ಲಿ ಒಂದಾದ ಉಪಾಸಕದಶಾದಲ್ಲಿ ಸದ್ದಾಲಪುತ್ತ ಎಂಬ ಕುಂಬಾರನ ಕಥೆ ಬರುತ್ತದೆ. ಅವನು ಆಜೀವಿಕರ ಶಿಷ್ಯ; ಎಲ್ಲವೂ ನಿಯತಿ, ಪ್ರಯತ್ನಕ್ಕೆ ಬೆಲೆಯಿಲ್ಲ ಎನ್ನುವವನು. ಬಿಸಿಲಿನಲ್ಲಿ ಒಣಗಲು ಇಟ್ಟ ಅವನ ಮಡಕೆಗಳನ್ನು ತೋರಿಸಿ, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆ ಆದವೋ ಎಂದು ಮಹಾವೀರರು ಕೇಳುತ್ತಾರೆ. ಪ್ರಯತ್ನವಿಲ್ಲದೆಯೇ ಎನ್ನುತ್ತಾನೆ ಅವನು. ಹಾಗಾದರೆ ಯಾರಾದರೂ ಬಂದು ಈ ಮಡಕೆಗಳನ್ನು ಒಡೆದರೆ ಏನು ಮಾಡುವೆ? ಹಿಡಿದು ಹೊಡೆಯುತ್ತೇನೆ ಎನ್ನುತ್ತಾನೆ. ಒಡೆದದ್ದು ಅವನ ಪ್ರಯತ್ನದಿಂದಲ್ಲವಾದರೆ ಹೊಡೆಯುವುದು ಯಾವ ನ್ಯಾಯ? ಕುಂಬಾರನಿಗೆ ಅಲ್ಲಿ ಬುದ್ಧಿ ಬಂತು. ಒಡೆದಾಗ ಮಾತ್ರ ಮನುಷ್ಯನ ಕೈಯನ್ನು ಕಾಣುವ, ತಿದ್ದಿ ತೀಡಿ ಮಾಡಿದಾಗ ಕಾಣದ ಕಣ್ಣು ನಮ್ಮದೂ ಆಗಿದೆ.

ಪದ್ಮಾವತಿ ದೇವಿಯ ವಿಷಯದಲ್ಲಿ ನಾನು ಹಗುರವಾಗಿ ಬರೆಯುತ್ತಿಲ್ಲ. ನಮ್ಮ ಅವ್ವ ಹೊಂಬುಜದ ದೇವಿಯ ಪಟದ ಮುಂದೆ ದೀಪ ಹಚ್ಚದೆ ಒಂದು ದಿನವೂ ನೀರು ಕುಡಿದವಳಲ್ಲ. ಸಿಂಹನಗದ್ದೆಯ ಜ್ವಾಲಾಮಾಲಿನಿಗೂ ಅವಳು ನಡೆದುಕೊಳ್ಳುತ್ತಿದ್ದಳು. ಶಾಸನದೇವತೆಗಳಿಗೆ ಗೌರವ ಸಲ್ಲಿಸುವುದು ಕರ್ನಾಟಕದ ಬಸದಿಗಳಲ್ಲಿ ಶತಮಾನಗಳಿಂದ ನಡೆದುಬಂದದ್ದು. ಆದರೆ ಆ ದೇವಿಯ ಕಥೆಯನ್ನೇ ಒಮ್ಮೆ ನೆನೆಯಿರಿ. ಉರಿಯುವ ಕೊರಡಿನೊಳಗೆ ಸಿಕ್ಕಿ ಸಾಯುತ್ತಿದ್ದ ಹಾವಿನ ಜೋಡಿಗೆ ಕುಮಾರ ಪಾರ್ಶ್ವನು ಕರುಣೆ ತೋರಿದನು. ಆ ಜೋಡಿ ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿ, ಮುಂದೆ ಪಾರ್ಶ್ವನಾಥರಿಗೆ ಉಪಸರ್ಗ ಒದಗಿದಾಗ ಓಡಿಬಂದು ಹೆಡೆಯೆತ್ತಿ ಕಾದರು. ಇದು ಉಪಕಾರ ಸ್ಮರಣೆಯ ಕಥೆ. ತನಗೆ ಉಪಕಾರ ಮಾಡಿದವರನ್ನು ಜನ್ಮ ಕಳೆದರೂ ಮರೆಯದ ದೇವಿ ಅವಳು. ಅವಳ ಹೆಸರು ಹೇಳಿ ನಾವು ರೊಟ್ಟಿ ತಟ್ಟಿದ ತಾಯಿಯನ್ನು, ಉತ್ತರ ತಿದ್ದಿದ ಗುರುವನ್ನು, ಬೀಗದ ಕೈ ಕೊಟ್ಟ ನೆರೆಯವರನ್ನು ಮರೆಯುತ್ತಿದ್ದೇವೆ.

ವರವನ್ನು ಬಯಸಿ, ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದನ್ನು ರತ್ನಕರಂಡಕ ಶ್ರಾವಕಾಚಾರವು ದೇವಮೂಢತೆ ಎಂದು ಕರೆಯುತ್ತದೆ. ಇದು ಮುನಿಗಳಿಗೆ ಬರೆದ ಗ್ರಂಥವಲ್ಲ, ನಮ್ಮ ನಿಮ್ಮಂಥ ಸಂಸಾರಿಗಳಿಗೆ ಬರೆದದ್ದು. ಸವಾಲು ಕೂಗಿ ಮೊದಲ ಕಲಶ ಹಿಡಿಯುವ ನಮ್ಮ ಶ್ರೀಮಂತರು ಅದನ್ನು ಒಮ್ಮೆ ಓದಿದರೆ ಕಲಶದ ಬೆಲೆ ಇಳಿದೀತೆಂಬ ಭಯ ಸಮಿತಿಗಳಿಗೆ ಇದೆಯೋ ಏನೋ.

ಸಭೆಯ ಮರುದಿನ ಇಷ್ಟನ್ನೂ ನಾನು ಆ ಹಿರಿಯರಿಗೆ ದೂರವಾಣಿಯಲ್ಲಿ ವಿನಯದಿಂದಲೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅವರ ಉತ್ತರದಲ್ಲಿ ತೂಕವಿತ್ತು, ಅದನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ. "ನೋಡ್ರೀ, ದೇವರ ಕೃಪಾ ಅಂತ ಅನ್ನೋದು ಮಕ್ಕಳ ತಲೀಗೆ ಏರಬಾರದು ಅಂತ. ನಾನೇ ಮಾಡಿದೆ, ನನ್ನಿಂದಲೇ ಆತು ಅಂತ ಒಮ್ಮೆ ಕಲಿತರ, ನಾಳೆ ಅಪ್ಪ ಅವ್ವನ್ನೂ ಲೆಕ್ಕಕ್ಕ ಹಿಡಿಯೂದಿಲ್ಲ" ಎಂದರು. ಅಹಂಕಾರದ ವಿಷಯದಲ್ಲಿ ಅವರು ಹೇಳಿದ್ದು ಸರಿ. ರತ್ನಕರಂಡಕವೇ ಜ್ಞಾನ, ಕುಲ, ಬಲ, ಸಂಪತ್ತು ಮೊದಲಾದ ಎಂಟು ಮದಗಳನ್ನು ಹೆಸರಿಸಿ ಎಚ್ಚರಿಸುತ್ತದೆ. ಕುಂದಾದ್ರಿಯ ಹೆಸರಿನೊಡನೆ ನಮ್ಮ ನಾಡು ನೆನೆಯುವ ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಇನ್ನೂ ಕಠಿಣವಾದ ಮಾತೊಂದನ್ನು ಆಡಿದ್ದಾರೆ: ಲೋಕದ ಜನ ಜೀವಿಗಳನ್ನೆಲ್ಲ ವಿಷ್ಣು ಮಾಡಿದನೆನ್ನುತ್ತಾರೆ, ಶ್ರಮಣರೂ ಕಾಯಗಳನ್ನು ಆತ್ಮವೇ ಮಾಡುತ್ತದೆ ಎಂದುಕೊಂಡರೆ ಇಬ್ಬರ ಸಿದ್ಧಾಂತಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ, ಇಬ್ಬರಿಗೂ ಮೋಕ್ಷವಿಲ್ಲ. ಅವರು ಆ ಮಾತನ್ನು ಆಡಿದ ನೆಲೆ ಬೇರೆ, ಪಾರಮಾರ್ಥಿಕವಾದದ್ದು. ಪರೀಕ್ಷೆಯ ಫಲಿತಾಂಶಕ್ಕೆ ಅದನ್ನು ಎಳೆದು ಹಚ್ಚುವುದು ಸಲ್ಲದು. ಆದರೂ ದೇವರನ್ನು ಇಳಿಸಿದ ಪೀಠದ ಮೇಲೆ "ನಾನು" ಎಂಬುದನ್ನು ಏರಿಸಿ ಕೂರಿಸಿದರೆ ನಮ್ಮ ದರ್ಶನಕ್ಕೆ ಸಮಾಧಾನವಿಲ್ಲ ಎಂಬಷ್ಟು ಅದರಿಂದ ತಿಳಿಯಬಹುದು.

ಹಿರಿಯರ ಆತಂಕವನ್ನು ಒಪ್ಪುತ್ತೇನೆ, ಅವರ ಮದ್ದನ್ನು ಒಪ್ಪಲಾರೆ. ಅಹಂಕಾರ ಇಳಿಯುವುದು ಕಣ್ಣಿಗೆ ಕಾಣುವ ಋಣವನ್ನು ಹೆಸರು ಹಿಡಿದು ಹೇಳಿದಾಗ. ದೇವಿಯ ಕೃಪೆ ಎಂದುಬಿಟ್ಟರೆ ಯಾರ ಋಣವೂ ಉಳಿಯುವುದಿಲ್ಲ. ಒಂದು ಸೀರೆ, ಐದು ತೆಂಗಿನಕಾಯಿಗೆ ಲೆಕ್ಕ ಚುಕ್ತಾ ಆಗುತ್ತದೆ. ಮೇಲಾಗಿ "ದೇವರು ನನಗೇ ಕೊಟ್ಟ" ಎನ್ನುವುದರಲ್ಲಿ ಒಂದು ಸೂಕ್ಷ್ಮವಾದ ಮದ ಅಡಗಿದೆ. ಅದೇ ಪರೀಕ್ಷೆಯಲ್ಲಿ ಅದೇ ದಿನ ನಪಾಸಾದ ಸಾವಿರಾರು ಮಕ್ಕಳನ್ನು ಬಿಟ್ಟು ದೇವಿ ನನ್ನನ್ನೇ ಆರಿಸಿದಳೆಂದು ಅದರ ಅರ್ಥವಲ್ಲವೆ?

ಇಲ್ಲಿಯವರೆಗೆ ನನ್ನೊಡನೆ ತಲೆದೂಗುತ್ತ ಬಂದ ವಿಚಾರವಂತ ಓದುಗರಿಗೆ ಈಗ ಒಂದು ಕಹಿಯನ್ನು ಹೇಳಬೇಕಾಗಿದೆ. ಕೃಪೆಯ ಮಾತನ್ನು ನಂಬದ ನಾವು, ನಗರದಲ್ಲಿ ಫ್ಲ್ಯಾಟು, ಮಕ್ಕಳಿಗೆ ವಿದೇಶ ಎಲ್ಲ ಆದವರು, ಇನ್ನೊಂದು ಮಂತ್ರವನ್ನು ಜಪಿಸುತ್ತೇವೆ: "ನಾವು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ, ದುಡಿದು ಮೇಲೆ ಬಂದೆವು." ಮೀಸಲಾತಿಯ ಮಾತು ಬಂದಾಗ, ಬಡವರ ಸಾಲ ಮನ್ನಾದ ಮಾತು ಬಂದಾಗ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಮಂತ್ರಘೋಷ ಜೋರಾಗುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದಾಗ ಸಿಹಿ ಹಂಚಿದವರೂ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸಾಲಿನಲ್ಲಿ ನಿಂತವರೂ ನಾವೇ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಪಡೆದುದನ್ನು ಪಡೆದೆವೆಂದು ಹೇಳದಿರುವುದರಲ್ಲಿದೆ.

ನನ್ನದೇ ಲೆಕ್ಕ ಹೇಳುತ್ತೇನೆ. ನಾನು ಓದಿದ್ದು ಬೆಳಗಾವಿಯ ಜೈನ ಬೋರ್ಡಿಂಗಿನಲ್ಲಿದ್ದುಕೊಂಡು. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಊರೂರು ಅಲೆದು ಹಣ ಕೂಡಿಸಿ, ಹಳ್ಳಿಯ ಒಕ್ಕಲು ಮಕ್ಕಳು ಪೇಟೆಯಲ್ಲಿ ಉಳಿದು ಓದಲೆಂದು ಬೋರ್ಡಿಂಗುಗಳನ್ನು ಕಟ್ಟುವ ದಾರಿ ಹಾಕದಿದ್ದರೆ, ನಾನು ಇಂದಿಗೂ ಹೊಲದ ಬದುವಿನ ಮೇಲೆ ಕುಳಿತಿರುತ್ತಿದ್ದೆ. ಬೋರ್ಡಿಂಗಿನ ಖರ್ಚಿಗೆ ಅಪ್ಪ ಹಣ ಕಳಿಸುತ್ತಿದ್ದುದು ಕಬ್ಬಿನ ಬಿಲ್ಲು ಬಂದಾಗ. ಕೃಷ್ಣೆಯ ನೀರು, ಸಹಕಾರಿ ಸಕ್ಕರೆ ಕಾರ್ಖಾನೆ, ಮೂರು ಎಕರೆ ಕಬ್ಬು. ಅಪ್ಪ ದುಡಿದದ್ದು ನಿಜ, ಬೆನ್ನು ಬಾಗುವವರೆಗೆ ದುಡಿದ.

ಆ ಕಬ್ಬನ್ನು ಕಡಿದವರು ಯಾರು? ದೀಪಾವಳಿ ಕಳೆಯುತ್ತಲೇ ಬೀಡ್ ಜಿಲ್ಲೆಯ ಒಣಭೂಮಿಯಿಂದ ಎತ್ತಿನ ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಗ್ಯಾಂಗುಗಳು ಬರುತ್ತಿದ್ದವು, ಈಗಲೂ ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಅದಕ್ಕೆ ಒಂದು ಕೊಯ್ತಾ ಎಂದು ಲೆಕ್ಕ. ಮುಕಾದಮನಿಂದ ಮುಂಗಡ ಪಡೆದು ಆ ಸಾಲ ತೀರುವವರೆಗೆ ಕಡಿಯಬೇಕು. ನಸುಕಿನಲ್ಲಿ ಮಂಜು ಬೀಳುವಾಗಲೇ ಹೊಲಕ್ಕಿಳಿದು, ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಬಂಡಿಗೆ ಏರಿಸಬೇಕು. ಸೋಗೆಯ ಗುಡಿಸಲಿನಲ್ಲಿ ಅವರ ಮಕ್ಕಳು ಕಿರಿಯವರನ್ನು ಎತ್ತಿಕೊಂಡು ಕೂರುತ್ತಿದ್ದರು. ನನ್ನದೇ ವಯಸ್ಸಿನ ಹುಡುಗನೊಬ್ಬ ನಮ್ಮ ಹೊಲದಲ್ಲಿ ನಾಲ್ಕು ವರ್ಷ ಸತತ ಬಂದ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವನ ಕೈಗೂ ಒಂದು ಕೊಯ್ತಾ ಬಂತು. ದುಡಿಮೆಯ ಪ್ರಮಾಣಕ್ಕೆ ತಕ್ಕಂತೆ ಯಶಸ್ಸು ಹಂಚಿಕೆಯಾಗುವುದಾದರೆ ಬ್ಯಾಂಕಿನ ಮ್ಯಾನೇಜರನಾಗಬೇಕಿದ್ದವನು ಅವನು. ದುಡಿದವರೆಲ್ಲರೂ ಫಲ ಪಡೆಯಬೇಕಿತ್ತಲ್ಲ ಎಂಬ ಸಮಂತಭದ್ರರ ಪ್ರಶ್ನೆಯನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ಆ ಹುಡುಗನ ಮುಖ.

ಅದು ಅವನ ಹಿಂದಿನ ಜನ್ಮದ ಕರ್ಮ ಎಂದು ಥಟ್ಟನೆ ಹೇಳುವವರು ನಮ್ಮಲ್ಲಿ ಬಹಳ. ಕರ್ಮಸಿದ್ಧಾಂತವನ್ನು ನಾನು ನಂಬುತ್ತೇನೆ. ಆದರೆ ನನ್ನ ಬಾಳನ್ನು ನಾನು ತಿದ್ದಿಕೊಳ್ಳಲೆಂದು ಹಿರಿಯರು ಕೊಟ್ಟ ಈ ಸಾಧನವನ್ನು ಇನ್ನೊಬ್ಬನ ಬಡತನಕ್ಕೆ ತೀರ್ಪು ಬರೆಯಲು ಬಳಸುವ ಅಧಿಕಾರ ನನಗೆ ಎಲ್ಲಿಂದ ಬಂತು? ಅವನ ಕರ್ಮದ ಕಡತವನ್ನು ನಾನು ನೋಡಿದ್ದೇನೆಯೇ? ಅಂತರಾಯ ಕರ್ಮದ ಭೇದಗಳನ್ನು ಓದುವಾಗ ಒಂದು ಮಾತು ನೆನಪಿನಲ್ಲಿರಬೇಕು: ಇನ್ನೊಬ್ಬರ ಲಾಭಕ್ಕೆ, ಶಕ್ತಿಗೆ ಅಡ್ಡಿ ಮಾಡುವುದೇ ಆ ಕರ್ಮವನ್ನು ಕಟ್ಟಿಕೊಳ್ಳುವ ದಾರಿ. ಅವನು ಶಾಲೆಗೆ ಹೋಗದಂತೆ ತಡೆದ ವ್ಯವಸ್ಥೆಯ ಸಕ್ಕರೆಯನ್ನು ತಿಂದವರು ನಾವು. ಅಂತರಾಯ ಯಾರ ಖಾತೆಗೆ ಎಂಬ ಪ್ರಶ್ನೆ ನನ್ನನ್ನು ಈ ವಯಸ್ಸಿನಲ್ಲಿ ಕಾಡುತ್ತದೆ. ಉತ್ತರ ನನ್ನಲ್ಲಿ ಇಲ್ಲ.

ನಮ್ಮವರೇ ಆದ ಒಬ್ಬರು ಈ ಪ್ರಶ್ನೆಗೆ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟು ಹೋಗಿದ್ದಾರೆ. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದಾಗ, ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಸ್ನಾನ ಮಾಡಲು ಒಪ್ಪದೆ ಬೋರ್ಡಿಂಗಿನಿಂದ ಹೊರಬಿದ್ದವರು. 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆ ಆರಂಭಿಸಿದರು. ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಂಡರು. ದುಡಿದು ಕಲಿಯಬೇಕೆಂಬುದೇ ಅವರ ಸೂತ್ರ. ದುಡಿಮೆಯನ್ನು ಅವರಷ್ಟು ಗೌರವಿಸಿದವರು ವಿರಳ. ಆದರೂ ಮಗು ದುಡಿದ ಮಾತ್ರಕ್ಕೆ ಕಲಿತುಬಿಡುತ್ತದೆ ಎಂದು ಅವರು ನಂಬಿ ಕೂರಲಿಲ್ಲ. ದುಡಿದ ಮಗುವಿಗೆ ಮಲಗಲು ಸೂರು, ಉಣ್ಣಲು ರೊಟ್ಟಿ, ಕಲಿಸಲು ಗುರು ಬೇಕೆಂದು ಬಲ್ಲರು. ಒಮ್ಮೆ ಮಕ್ಕಳ ಊಟಕ್ಕೆ ಹಣವಿಲ್ಲದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನಷ್ಟೇ ಅಲ್ಲ, ತಾಳಿಯನ್ನೂ ಕೊಟ್ಟರೆಂದು ಮಹಾರಾಷ್ಟ್ರದ ಮನೆಮನೆಯಲ್ಲಿ ಹೇಳುತ್ತಾರೆ. ಆ ಮಕ್ಕಳಲ್ಲಿ ಯಾರಾದರೂ ಮುಂದೆ ದೊಡ್ಡವರಾಗಿ, ಇದು ದೇವರ ಕೃಪೆ ಎಂದೋ, ಇದು ನನ್ನದೇ ದುಡಿಮೆ ಎಂದೋ ಹೇಳಿದ್ದರೆ ಆ ತಾಯಿಯ ಬರಿಗೊರಳಿನ ಮುಂದೆ ಎರಡೂ ಮಾತು ಹೇಗೆ ಕೇಳಿಸುತ್ತಿದ್ದವು?

ನಮ್ಮ ಶಾಸ್ತ್ರಕಾರರು ಉಪಾದಾನ, ನಿಮಿತ್ತ ಎಂದು ಎರಡು ಮಾತುಗಳನ್ನು ಕೊಟ್ಟಿದ್ದಾರೆ. ಮಣ್ಣು ಉಪಾದಾನ, ಚಕ್ರ, ದಂಡ, ಕುಂಬಾರ ನಿಮಿತ್ತಗಳು. ಹುಡುಗಿಯೊಳಗಿನ ಛಲ, ಶ್ರಮ ಉಪಾದಾನ. ತಾಯಿ, ಗುರು, ನೆರೆಮನೆಯ ಬೀಗದ ಕೈ ನಿಮಿತ್ತಗಳು. ದೇವಿಯ ಮುಂದೆ ಕುಳಿತಾಗ ಆಕೆಗೆ ಸಿಕ್ಕ ಮನಸ್ಸಿನ ನೆಮ್ಮದಿಯನ್ನೂ ನಿಮಿತ್ತಗಳ ಸಾಲಿಗೆ ಸೇರಿಸಲು ನನ್ನ ಅಭ್ಯಂತರವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಡುಗುವ ಮಗುವಿಗೆ ಣಮೋಕಾರ ಹೇಳಿಕೊಂಡು ನಿದ್ದೆ ಬಂದರೆ ಅದೂ ಒಂದು ಉಪಕಾರವೇ. ಆದರೆ ಆ ಸಾಲಿನ ತುದಿಯಲ್ಲಿ ಅದಕ್ಕೊಂದು ಜಾಗ ಕೊಡುವುದು ಬೇರೆ, ಉಳಿದವರನ್ನೆಲ್ಲ ಎಬ್ಬಿಸಿ ಅದೊಂದನ್ನೇ ಕೂರಿಸುವುದು ಬೇರೆ.

ನಮ್ಮ ಸಮಿತಿಗೆ ನಾನು ಎರಡು ಸಲಹೆಗಳನ್ನು ಬರೆದು ಕಳಿಸಿದ್ದೇನೆ. ಸನ್ಮಾನದ ಅರ್ಜಿಯಲ್ಲಿ ಅಂಕಗಳ ಕೆಳಗೆ ಇನ್ನೊಂದು ಸಾಲು ಇರಲಿ: ಈ ಫಲಿತಾಂಶಕ್ಕೆ ನೆರವಾದವರ ಹೆಸರುಗಳು. ಅವನ್ನು ವೇದಿಕೆಯ ಮೇಲಿಂದ ಓದಲಿ; ಜೈನರಿರಲಿ, ಅಜೈನರಿರಲಿ, ಬಂದು ಕೂರುವಂತೆ ಅವರನ್ನು ಕರೆಯಲಿ. ಎರಡನೆಯದು, ಫಲಿತಾಂಶದ ಹರಕೆಯ ಹಣದಲ್ಲಿ ಒಂದು ಪಾಲನ್ನು ಪ್ರತ್ಯೇಕವಾಗಿಟ್ಟು, ನಪಾಸಾದ ಮಕ್ಕಳ ಮುಂದಿನ ಯತ್ನದ ಶುಲ್ಕಕ್ಕೆ ಕೊಡಲಿ. ಪಾಸಾದವರಿಗೆ ಶಾಲು ಹೊದಿಸಲು ನೂರು ಕೈಗಳಿವೆ. 38 ಅಂಕ ಪಡೆದು ಮನೆಯ ಮೂಲೆಯಲ್ಲಿ ಕುಳಿತ ಮಗುವಿನ ಬಳಿಗೆ ಹರಕೆಯ ಪ್ರಶ್ನೆ ಹೊತ್ತು ಹೋಗುವವರ ಬದಲು, ಶುಲ್ಕದ ರಸೀದಿ ಹಿಡಿದು ಹೋಗುವವರು ಇಬ್ಬರಾದರೂ ಇರಲಿ. ಮೊದಲನೆಯ ಸಲಹೆಗೆ ವಿರೋಧ ಬಂದಿಲ್ಲ. ಎರಡನೆಯದು ಚರ್ಚೆಯಲ್ಲಿದೆ; ದೇವಿಯ ಹಣವನ್ನು ನಪಾಸಾದವರಿಗೆ ಕೊಡುವುದೇ ಎಂದು ಒಬ್ಬರು ಕೇಳಿದರಂತೆ.

ಮೊದಲನೆಯ ಸಲಹೆಯ ವಿಷಯ ತಿಳಿಸಲು ನಾನು ಆ ಹುಡುಗಿಯ ಮನೆಗೆ ಹೋಗಿದ್ದೆ. ತಾಯಿ ರೊಟ್ಟಿಯ ಹಿಟ್ಟು ನಾದುತ್ತಲೇ ಕೇಳಿಸಿಕೊಂಡರು. ಬರುವ ವರ್ಷ ಇಂಥ ಮಕ್ಕಳೊಡನೆ ಅವರ ತಾಯಂದಿರನ್ನೂ ವೇದಿಕೆಗೆ ಕರೆಯಬೇಕೆಂದಿದ್ದೇವೆ, ತಾವು ಒಪ್ಪಬೇಕು ಎಂದೆ. ಅವರು ನಕ್ಕು, ಸೆರಗಿನಿಂದ ಹಣೆ ಒರೆಸಿಕೊಂಡು ಕೇಳಿದರು: "ನಾವೆಲ್ಲಾರೂ ಮ್ಯಾಲೆ ಹೋಗಿ ಕುಂತರ, ಹೊತ್ತು ಮುಳುಗೂದ್ರಾಗ ಪೂರಿ ಯಾರು ಕರೀತಾರ್ರೀ ಕಾಕಾ?"

ಆ ಪ್ರಶ್ನೆಯನ್ನು ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸುವಂತೆ ಕಾರ್ಯದರ್ಶಿಗಳಿಗೆ ಬರೆದಿದ್ದೇನೆ.